ಕಿವಿಗೆ ಜಾತಿ ಕಲಿಸಿದವರು ಯಾರು?

ಜಾಝ್ ಅಂದ್ರೆ ಸಾಕು, ನಮ್ಮ ಹುಬ್ಬಳ್ಳಿ-ಧಾರವಾಡದ ಸಂಗೀತಪ್ರಿಯರಲ್ಲಿ ಅನೇಕರು ಮುಖ ಸಿಂಡರಿಸ್ತಾರೆ. "ಅದೇನ್ರೀ, ಬರೇ ಗದ್ದಲ! ರಾಗ ಇಲ್ಲ, ತಂಬೂರಿ ಇಲ್ಲ." ನಾನೂ ಆ ಪಾರ್ಟಿಯವನೇ. ಆದರೆ ಬೇಡ ಅನ್ನೋದಕ್ಕೂ ಮೊದಲು ಕೇಳಿರಬೇಕಲ್ಲ? ಅದಕ್ಕೇ ಜಾಝ್ ಲೋಕ ತಲೆಮೇಲೆ ಹೊತ್ತು ಮೆರೆಸುವ ಆಲ್ಬಂ ಒಂದನ್ನು ಪೂರ್ತಿ ಕೇಳಿದೆ. ಕಹಳೆ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ'. 1959ರ ಮಾರ್ಚ್‌ನಲ್ಲಿ ಒಂದು ದಿನ, ಏಪ್ರಿಲ್‌ನಲ್ಲಿ ಒಂದು ದಿನ, ನ್ಯೂಯಾರ್ಕ್‌ನಲ್ಲಿ ಧ್ವನಿಮುದ್ರಣವಾದದ್ದು.

ಅಲ್ಲಿ ನಡೆದದ್ದು ಏನು? ಡೇವಿಸ್ ತಂದದ್ದು ಸ್ವರಶ್ರೇಣಿಗಳ ಗುರುತು ಮಾತ್ರ. ರಿಹರ್ಸಲ್ ಇಲ್ಲವೆನ್ನುವಷ್ಟು ಕಡಿಮೆ. ಉಳಿದದ್ದನ್ನು ವಾದಕರು ಆ ಕ್ಷಣಕ್ಕೇ ಕಟ್ಟಿಕೊಂಡು ಹೋಗಬೇಕು. ಮೊದಲ ರಚನೆ 'ಸೋ ವಾಟ್', ಸುಮಾರು 9 ನಿಮಿಷ. ಅದರ ಸ್ವರಗಳು ನಮ್ಮ ಕಾಫಿ ಥಾಟ್‌ನವೇ: ಗಾಂಧಾರ, ನಿಷಾದ ಕೋಮಲ, ಉಳಿದವೆಲ್ಲ ಶುದ್ಧ. ಹಾಗಂತ ಅದು ರಾಗವಲ್ಲ. ನಡುವೆ ಇಡೀ ಶ್ರೇಣಿ ಅರ್ಧ ಸ್ವರ ಮೇಲೇರಿ ಮತ್ತೆ ಇಳಿಯುತ್ತದೆ, ಹಾಡುವಾಗ ಷಡ್ಜವನ್ನೇ ಎತ್ತಿ ಬೇರೆ ಕಡೆ ಇಟ್ಟಂತೆ. ನನ್ನ ಕಿವಿಗೆ ಅದು ಇವತ್ತಿಗೂ ಒಗ್ಗೋದಿಲ್ಲ. ಆದರೆ ಗದ್ದಲವೇ? ಖಂಡಿತ ಅಲ್ಲ. ಸ್ವರದ ಪಕ್ಕದಲ್ಲಿ ಮೌನ ಬಿಡೋದು ಆ ಮನುಷ್ಯನಿಗೆ ಗೊತ್ತಿತ್ತು.

ಸರಿ, ಇದು ಪರದೇಶದ್ದು ಅಂತೀರಾ? ಹಾಗಾದರೆ ನಮ್ಮದು ಯಾವಾಗ ನಮ್ಮದಾಯಿತು? ಅಬ್ದುಲ್ ಕರೀಂ ಖಾನರ ಊರು ಉತ್ತರ ಪ್ರದೇಶದ ಕೈರಾನಾ. ಮೈಸೂರು ಅರಮನೆಗೆ ಹೋಗಿಬರುವ ದಾರಿಯಲ್ಲಿ ಅವರು ಧಾರವಾಡದಲ್ಲಿ ನಿಂತರು, ಹಾಡಿದರು, ಕಲಿಸಿದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವರಾದರು. ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ ಖಾನಸಾಹೇಬರ ಗ್ರಾಮಫೋನ್ ತಟ್ಟೆ ಕೇಳಿ, 11ನೇ ವಯಸ್ಸಿನಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿ ಕರ್ನಾಟಕಿ ಹಾಡುತ್ತಿದ್ದವರು. ಮಗಳ ಹಿಂದೂಸ್ತಾನಿ ಕೆಡಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದರು. ಹೊರಗಿನಿಂದ ಬಂದ ಸಂಗೀತಕ್ಕೆ ಈ ನೆಲ ಕೊಟ್ಟ ಬೆಲೆ ಅದು, ಸ್ವಾಮಿ.

ಅದೇ ಗಂಗೂಬಾಯಿ, ಹಾಡುವವರ ಮನೆಯ ಹುಡುಗಿ ಎಂಬ ಮೂದಲಿಕೆಯನ್ನು ಧಾರವಾಡದ ಓಣಿಯಲ್ಲಿ ಕೇಳಿದರು. ದೊಡ್ಡವರಾದ ಮೇಲೂ ಅವರದೊಂದು ಮಾತಿತ್ತು: ಗಂಡಸು ಹಾಡಿದರೆ ಪಂಡಿತ, ಉಸ್ತಾದ, ಹೆಂಗಸು ಎಷ್ಟೇ ಹಾಡಿದರೂ ಬರೀ ಬಾಯಿ. 2002ರಲ್ಲಿ ಪದ್ಮವಿಭೂಷಣ ಬಂತು ನಿಜ. ಓಣಿಯ ಮಾತು ಅದಕ್ಕೆ ಅಳಿಸಿಹೋಗುತ್ತದೆಯೇ?

ಈಗ ನ್ಯೂಯಾರ್ಕಿಗೆ ಬನ್ನಿ. 'ಕೈಂಡ್ ಆಫ್ ಬ್ಲೂ' ಮಾರುಕಟ್ಟೆಗೆ ಬಂದದ್ದು 1959ರ ಆಗಸ್ಟ್ 17. ಎಂಟು ದಿನದ ನಂತರ, ಬರ್ಡ್‌ಲ್ಯಾಂಡ್ ಕ್ಲಬ್ಬಿನ ಬೋರ್ಡಿನ ಮೇಲೆ ಡೇವಿಸ್ ಹೆಸರು. ಬಿಡುವಿನಲ್ಲಿ ಅದೇ ಬೋರ್ಡಿನ ಕೆಳಗೆ ನಿಂತಿದ್ದರು. ಒಬ್ಬ ಬಿಳಿಯ ಮಹಿಳೆಯನ್ನು ಟ್ಯಾಕ್ಸಿ ಹತ್ತಿಸಿದ್ದರಷ್ಟೇ. ಪೊಲೀಸರು ಇಲ್ಲಿಂದ ಹೊರಡು ಅಂದರು. ಇಲ್ಲೇ ಕೆಲಸ ಮಾಡ್ತೀನಿ ಅಂದರೂ ಕೇಳಲಿಲ್ಲ. ತಲೆಗೆ ಹೊಡೆದು ಎಳೆದುಕೊಂಡು ಹೋದರು. ಒಳಗೆ ಅವರ ಕಹಳೆಗೆ ಚಪ್ಪಾಳೆ, ಹೊರಗೆ ಅವರ ಚರ್ಮಕ್ಕೆ ಲಾಠಿ.

ಸಂಗೀತವನ್ನು ತೂಗುತ್ತೇವೆ ಅಂದುಕೊಂಡು ನಾವು ಎಷ್ಟೋ ಸಲ ತೂಗಿದ್ದು ಹಾಡುವವರ ಹುಟ್ಟನ್ನು. ಧಾರವಾಡದಲ್ಲೂ ಅಷ್ಟೇ, ನ್ಯೂಯಾರ್ಕಿನಲ್ಲೂ ಅಷ್ಟೇ. ಜಾಝ್ ಇಷ್ಟವಾಗಲಿಲ್ಲವೇ? ಬಂದ್ ಮಾಡ್ರಿ, ಯಾರ ತಕರಾರೂ ಇಲ್ಲ. ಆದರೆ ಬಟನ್ ಒತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಬೇಡ ಅಂತಿರೋದು ನನ್ನ ಕಿವಿಯಾ, ಅಥವಾ ನನಗೆ ಯಾರೋ ಕಲಿಸಿದ ತಾತ್ಸಾರವಾ?