ಆಯ್ದಕ್ಕಿ ದಂಪತಿಗಳು: ಕಾಯಕಜೀವಿಯನ್ನು ತಿದ್ದಿ ಬೆಳೆಸಿದ ಪರಿ

12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ಅರಮನೆಯಲ್ಲಿ ಉನ್ನತ ಪದವಿಯಿದ್ದರೂ ಶರಣರ ನಡುವೆ ಅವರು ಒಡೆಯರಾಗಿ ನಡೆದುಕೊಳ್ಳಲಿಲ್ಲ. ಅನುಭವ ಮಂಟಪದ ಶೂನ್ಯ ಸಿಂಹಾಸನವನ್ನು ಅಲಂಕರಿಸಿದವರು ಅಲ್ಲಮಪ್ರಭುಗಳು. ಇಂತಹ ನೆಲೆಯಲ್ಲಿ ದುಡಿಯುವವರನ್ನು ತಿದ್ದುವ ಹಕ್ಕು ಮೇಲಿನವರಿಗೆ ಮಾತ್ರ ಮೀಸಲಾಗಿರಲಿಲ್ಲ.

ರಾಯಚೂರು ಸೀಮೆಯ ಅಮರೇಶ್ವರದಿಂದ ಬಂದ ಮಾರಯ್ಯನವರ ಕಾಯಕ, ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರೆಂದು ಪರಂಪರೆ ಹೇಳುತ್ತದೆ. ಪತ್ನಿ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಹೇಳಿದರು. ಮಾರಯ್ಯನವರು ಅನುಭಾವ ಗೋಷ್ಠಿಯಲ್ಲಿ ಮೈಮರೆತಾಗ, ಕಾಯಕದ ವೇಳೆ ಮೀರುತ್ತಿದೆ ಎಂದು ಎಚ್ಚರಿಸಿದವರೂ ಅವರೇ. ಶೂನ್ಯಸಂಪಾದನೆ ಈ ದಂಪತಿಗಳಿಗೆ ಗೌರವದ ಸ್ಥಾನವನ್ನು ನೀಡಿದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಲಕ್ಕಮ್ಮನವರು ತಪ್ಪನ್ನು ತೋರಿದರೇ ಹೊರತು ಪತಿಯನ್ನು ಹೀಯಾಳಿಸಲಿಲ್ಲ. ಕಾಯಕದಿಂದ ಬಿಡಿಸಲೂ ಇಲ್ಲ. ಅದೇ ಅಂಗಳಕ್ಕೆ, ಅದೇ ಕೆಲಸಕ್ಕೆ ಮರಳಿ ಕಳುಹಿಸಿದರು. ತಿದ್ದಿಸಿಕೊಂಡ ಮಾರಯ್ಯನವರು ಕುಗ್ಗದೆ, ಕಾಯಕತತ್ತ್ವವನ್ನು ಸಾರಿದ ವಚನಕಾರರಾಗಿ ಬೆಳೆದರು.

ಇಂದಿನ ಕಚೇರಿ, ಕಾರ್ಖಾನೆಗಳಲ್ಲಿ ತಿದ್ದುವಿಕೆ ಮೇಲಿನಿಂದ ಕೆಳಕ್ಕೆ ಇಳಿಯುವುದೇ ಹೆಚ್ಚು. ಅದರಲ್ಲಿ ದಂಡನೆಯ ಭಯವೂ ಬೆರೆತಿರುತ್ತದೆ. ಭಯದಿಂದ ಕೆಲಸ ನಡೆದೀತು, ಮನುಷ್ಯ ಬೆಳೆಯಲಾರ. ಜೊತೆಯಲ್ಲಿ ದುಡಿಯುವವರ ಮಾತಿಗೆ ಬೆಲೆ ಇರುವೆಡೆ ಮಾತ್ರ ದುಡಿಮೆ ಕಾಯಕವಾಗುತ್ತದೆ.