ಕಟ್ಟಕಡೆಗೆ ಬರುವ ಡಾಕ್ಟರ್: ಸೇನಾ ತಪಾಸಣೆಯ ಹಿಂದಿನ ಕಥೆ

ಬೆಳಗಿನ ಐದಕ್ಕೆ ಸಮೀರವಾಡಿ ರಸ್ತೆಗೆ ಬಂದರೆ ಕಬ್ಬಿನ ಟ್ರ್ಯಾಕ್ಟರ್‌ಗಳ ಪಕ್ಕದಲ್ಲೇ ಹುಡುಗರು ಓಡುತ್ತಿರುತ್ತಾರೆ. ಬಹಳ ಮಂದಿಗೆ ಅಗ್ನಿವೀರರಾಗುವ ಆಸೆ, ಒಬ್ಬಿಬ್ಬರಿಗೆ ಖಡಕ್‌ವಾಸ್ಲಾದ ಎನ್‌ಡಿಎ ಕನಸು. ಕೈಯಲ್ಲಿ ಸ್ಟಾಪ್‌ವಾಚ್ ಇದೆ, ಮನೆಯಲ್ಲಿ ಗೈಡ್ ಇದೆ. "ಕಣ್ಣು, ಕಿವಿ ತೋರಿಸ್ಕೊಂಡೀರೇನಪಾ?" ಎಂದು ನಾವು ಕೇಳಿದರೆ ಒಬ್ಬ ನಕ್ಕ. "ಮೊದಲ ಪಾಸ್ ಆಗೂಣ್ರೀ. ಡಾಕ್ಟರ್ ಕಡೀಕ ನೋಡ್ತಾರ್ರೀ."

ಹಾಗೆ ಕಡೆಗೆ ಬಿಟ್ಟ ಹುಡುಗನೊಬ್ಬನನ್ನು ನಾವು ಬಲ್ಲೆವು. ಎರಡು ವರ್ಷ ಓಡಿದ, ಓದಿದ, ಎರಡರಲ್ಲೂ ಗೆದ್ದ. ಕೊನೆಗೆ ಚುಕ್ಕೆಗಳ ಪುಸ್ತಕ ಮುಂದಿಟ್ಟು "ಯಾವ ಅಂಕಿ?" ಎಂದಾಗ ಅವನಿಗೆ ಅಂಕಿಯೇ ಕಾಣಲಿಲ್ಲ. ಆ ಪರೀಕ್ಷೆ ಮುಗಿಯಲು ಐದು ನಿಮಿಷವೂ ಬೇಕಾಗಲಿಲ್ಲ.

ಆ ಪುಸ್ತಕಕ್ಕೆ ನೂರು ವರ್ಷ ದಾಟಿದೆ. ಜಪಾನಿನ ಸೇನಾ ವೈದ್ಯ ಶಿನೊಬು ಇಶಿಹಾರ ಸೈನ್ಯಕ್ಕೆ ಸೇರುವವರ ಬಣ್ಣದ ದೃಷ್ಟಿ ನೋಡಲೆಂದು ತಯಾರಿಸಿ 1917ರಲ್ಲಿ ಪ್ರಕಟಿಸಿದ್ದು. ಕೆಂಪು, ಹಸಿರು ಬೇರೆ ಮಾಡಲಾಗದ ಈ ದೋಷ ಹುಟ್ಟಿನಿಂದ ಬರುವಂಥದ್ದು. ಹೆಚ್ಚಾಗಿ ತಾಯಿಯ ಕಡೆಯಿಂದ ಗಂಡು ಮಕ್ಕಳಿಗೆ ಬರುತ್ತದೆ. ಔಷಧಿ ಇಲ್ಲ. ಇರುವವನಿಗೆ ಅದು ಇದೆ ಎಂದೇ ಗೊತ್ತಿರುವುದಿಲ್ಲ.

ಸೈನ್ಯ ಯಾವಾಗಲೂ ಹೀಗೆ ಮೈ ಅಳೆದು ತೆಗೆದುಕೊಂಡದ್ದಲ್ಲ. 1857ರಲ್ಲಿ ನಿಶ್ಶಸ್ತ್ರೀಕರಣ ಕಾಯ್ದೆಯ ವಿರುದ್ಧ ಎದ್ದ ನಮ್ಮ ಮುಧೋಳ ಸೀಮೆಯ ಹಲಗಲಿ ಬೇಡರ ಎದೆಯನ್ನು ಯಾರೂ ಟೇಪು ಹಿಡಿದು ಅಳೆದಿರಲಿಲ್ಲ. ಅಳತೆಯ ಚಿಂತೆ ದೊಡ್ಡದಾಗಿದ್ದು 1899ರಲ್ಲಿ ಶುರುವಾದ ಬೋಯರ್ ಯುದ್ಧದ ಕಾಲಕ್ಕೆ. ಬ್ರಿಟನ್ನಿನ ಕಾರ್ಖಾನೆ ಊರುಗಳಿಂದ ಸೈನ್ಯಕ್ಕೆ ಬಂದ ಯುವಕರಲ್ಲಿ ಬಹಳಷ್ಟು ಮಂದಿ ವೈದ್ಯರ ಮುಂದೆ ಫೇಲಾದರು. ಹಲ್ಲು ಹುಳುಕು, ಎದೆ ಸಣ್ಣದು, ಕಣ್ಣು ಮಂದ. ಸರ್ಕಾರ ಗಾಬರಿಯಾಗಿ ಸಮಿತಿ ಮಾಡಿತು, 1904ರಲ್ಲಿ ವರದಿ ಬಂತು. 1906ರಲ್ಲಿ ಶಾಲಾ ಊಟದ ಕಾಯ್ದೆ, 1907ರಲ್ಲಿ ಶಾಲಾ ಮಕ್ಕಳ ಆರೋಗ್ಯ ತಪಾಸಣೆಯ ಕಾಯ್ದೆ ಬಂದವು. ಇಪ್ಪತ್ತರ ವಯಸ್ಸಿನಲ್ಲಿ ತಿರಸ್ಕರಿಸುವುದಕ್ಕಿಂತ ಚಿಕ್ಕಂದಿನಲ್ಲೇ ನೋಡುವುದು ಲೇಸು ಎಂಬ ಪಾಠ ಹಾಗೆ ಹುಟ್ಟಿತು.

ನಮ್ಮ ದೇಶದಲ್ಲಿ ಆ ಪಾಠ ಕೆಲವರಿಗೆ ಮಾತ್ರ ಸಿಕ್ಕಿತು. ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿ 1932ರಲ್ಲಿ ಶುರುವಾಯಿತು. ಖಡಕ್‌ವಾಸ್ಲಾದ ಎನ್‌ಡಿಎ ಉದ್ಘಾಟನೆ ಆದದ್ದು 1955ರ ಜನವರಿಯಲ್ಲಿ. ಸಾಮಾನ್ಯ ಮನೆಯ ಮಕ್ಕಳೂ ಅಲ್ಲಿಗೆ ಹೋಗಲೆಂದು 1961ರಿಂದ ಸೈನಿಕ ಶಾಲೆಗಳು ತೆರೆದವು. ನಮ್ಮ ಪಕ್ಕದ ವಿಜಯಪುರದ ಸೈನಿಕ ಶಾಲೆ 1963ರ ಸೆಪ್ಟೆಂಬರ್ 16ರಂದು ಆರಂಭವಾಯಿತು. ಅಲ್ಲಿ ಆರನೇ ತರಗತಿಗೆ ಸೇರುವ ಮಗುವಿಗೆ ಹತ್ತರಿಂದ ಹನ್ನೆರಡು ವರ್ಷ. ಪ್ರವೇಶಕ್ಕೇ ವೈದ್ಯಕೀಯ ತಪಾಸಣೆ ಇದೆ. ಅಂದರೆ ಆ ಮಗುವಿನ ಮನೆಯವರಿಗೆ ಎನ್‌ಡಿಎಗೆ ಐದಾರು ವರ್ಷ ಮೊದಲೇ ಕಣ್ಣು, ಕಿವಿ, ಕಾಲಿನ ಸುದ್ದಿ ಗೊತ್ತಾಗಿರುತ್ತದೆ. ನಮ್ಮ ರಸ್ತೆಯಲ್ಲಿ ಓಡುವ ಹುಡುಗನಿಗೆ ಅದು ಗೊತ್ತಾಗುವುದು ಕಟ್ಟಕಡೆಯ ದಿನ. ಇಬ್ಬರ ನಡುವಿನ ನಿಜವಾದ ಅಂತರ ಇದೇ ಎಂದು ನಮಗನಿಸುತ್ತದೆ.

ಈಚೆಗೆ ಡಾಕ್ಟರ್ ಇನ್ನೂ ಹಿಂದಕ್ಕೆ ಹೋದರು. 2022ರಲ್ಲಿ ಅಗ್ನಿಪಥ ಬಂದಾಗ ಭೂಸೇನೆಯಲ್ಲಿ ಮೊದಲು ಮೈದಾನದ ಓಟ ಮತ್ತು ತಪಾಸಣೆ, ಆಮೇಲೆ ಲಿಖಿತ ಪರೀಕ್ಷೆ ಇತ್ತು. 2023ರಿಂದ ಅದು ತಿರುಗಿತು. ಮೊದಲು ಆನ್‌ಲೈನ್ ಪರೀಕ್ಷೆ, ಆಮೇಲೆ ಓಟ, ಕೊನೆಗೆ ವೈದ್ಯರು. ಎನ್‌ಡಿಎಯಲ್ಲಿ ಮೊದಲಿಂದಲೂ ಹಾಗೇ. ಯುಪಿಎಸ್‌ಸಿ ಪರೀಕ್ಷೆ, ಐದು ದಿನದ ಎಸ್‌ಎಸ್‌ಬಿ, ಅಲ್ಲಿ ಆಯ್ಕೆಯಾದರೆ ಮಾತ್ರ ಮಿಲಿಟರಿ ಆಸ್ಪತ್ರೆ. ಅಮೆರಿಕದ ವೆಸ್ಟ್ ಪಾಯಿಂಟ್‌ನಂಥ ಅಕಾಡೆಮಿಗಳಲ್ಲಿ ಅರ್ಜಿಯ ಹಂತದಲ್ಲೇ ತಪಾಸಣೆ ನಡೆಯುತ್ತದೆ. ದೋಷ ಸಿಕ್ಕರೆ ವಿನಾಯಿತಿ ಕೇಳಲು ಸಮಯ ಇರುತ್ತದೆ. ನಮ್ಮಲ್ಲಿ ಆ ಸಮಯವನ್ನು ನಾವೇ ಮಾಡಿಕೊಳ್ಳಬೇಕು.

ಎನ್‌ಡಿಎ ಅಧಿಸೂಚನೆಯಲ್ಲೇ ಈ ಬುದ್ಧಿಮಾತು ಇದೆ, ಓದುವವರು ಕಡಿಮೆ. ಸಣ್ಣ ದೋಷಗಳನ್ನು ಮೊದಲೇ ಸರಿಮಾಡಿಕೊಂಡು ಬನ್ನಿ ಎಂದು ಪಟ್ಟಿಯನ್ನೇ ಕೊಟ್ಟಿದ್ದಾರೆ: ಕಿವಿಯ ಗುಗ್ಗೆ, ಮೂಗಿನೊಳಗಿನ ಎಲುಬು ವಾಲಿರುವುದು, ಟಾನ್ಸಿಲ್, ಮೂಲವ್ಯಾಧಿ, ಹೈಡ್ರೋಸೀಲ್, ವೆರಿಕೋಸೀಲ್, ತೂಕ ಹೆಚ್ಚು ಅಥವಾ ಕಡಿಮೆ, ಸಣ್ಣ ಎದೆ. ಗುಗ್ಗೆ ತೆಗೆಯಲು ಒಂದು ದಿನ ಸಾಕು. ಆಪರೇಷನ್ ಆದರೆ ಗಾಯ ಮಾಯಲು ತಿಂಗಳುಗಳು ಬೇಕು. ತೂಕಕ್ಕೂ ತಿಂಗಳುಗಳೇ. ಅದಕ್ಕೇ ಬೇಗ ತೋರಿಸಿಕೊಳ್ಳಿ ಎನ್ನುವುದು.

ಹಾಗಾದರೆ ಏನು ಮಾಡಬೇಕು? ತಾಲೂಕು ಆಸ್ಪತ್ರೆಯಲ್ಲಿ ಕಣ್ಣು, ಕಿವಿ, ಹಲ್ಲು ತೋರಿಸಿ. "ಬಣ್ಣದ ಪರೀಕ್ಷೆನೂ ಮಾಡ್ರೀ" ಎಂದು ಬಾಯಿಬಿಟ್ಟು ಕೇಳಿ, ಕೇಳದಿದ್ದರೆ ಮಾಡುವುದಿಲ್ಲ. ಚಪ್ಪಟೆ ಪಾದ, ಮೊಣಕಾಲು ತಾಗುವುದು ಇದೆಯೇ ನೋಡಿಸಿ. ಶಾಲೆಗೆ ಹೋಗುವ ಮಕ್ಕಳಿದ್ದರೆ 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೇ ಬರುತ್ತದೆ, ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಕನ್ನಡಕ ಬಿಡಿಸಲು ಲೇಸರ್ ಆಪರೇಷನ್‌ಗೆ, ಕೈಮೇಲೆ ಹಚ್ಚೆಗೆ ಓಡುವ ಮೊದಲು ಆ ವರ್ಷದ ಅಧಿಸೂಚನೆ ಓದಿ. ಎನ್‌ಡಿಎ ತಪಾಸಣೆಯಲ್ಲಿ ಅನರ್ಹ ಎಂದರೂ ಎದೆಗುಂದಬೇಡಿ, 42 ದಿನದೊಳಗೆ ಮೇಲ್ಮನವಿ ಮಂಡಳಿಯ ಮುಂದೆ ಹೋಗಬಹುದು.

ಈ ಮಾತು ಹೆಣ್ಣು ಮಕ್ಕಳಿಗೂ ಸೇರಿದ್ದು. 2021ರಲ್ಲಿ ಸುಪ್ರೀಂ ಕೋರ್ಟ್ ಎನ್‌ಡಿಎ ಪರೀಕ್ಷೆಯ ಬಾಗಿಲು ತೆರೆಸಿತು. 2025ರ ಮೇ 30ರಂದು ಮೊದಲ ತಂಡದ 17 ಯುವತಿಯರು ತೇರ್ಗಡೆಯಾಗಿ ಹೊರಬಂದರು. ನಮ್ಮ ಹೆಣ್ಣು ಮಕ್ಕಳಲ್ಲಿ ಸಾಮಾನ್ಯವಾದ ರಕ್ತಹೀನತೆಯನ್ನು ಒಂದು ರಕ್ತ ಪರೀಕ್ಷೆ ಹೇಳುತ್ತದೆ, ವರ್ಷ ಮೊದಲೇ ಗೊತ್ತಾದರೆ ಸರಿಮಾಡಬಹುದು.

ಚುಕ್ಕೆಯಲ್ಲಿ ಅಂಕಿ ಕಾಣದ ಆ ಹುಡುಗ ಈಗ ಬೇರೆ ಕೆಲಸದಲ್ಲಿದ್ದಾನೆ. ಅವನು ನಮಗೆ ಹೇಳಿದ್ದು ಇಷ್ಟೇ: "ಫೇಲ್ ಆಗಿದ್ದಕ್ಕ ಬ್ಯಾಸರಿಲ್ರೀ. ಎರಡು ವರ್ಷ ಮೊದಲ ಗೊತ್ತಾಗಿದ್ರ ಬ್ಯಾರೆ ದಾರಿ ಹಿಡೀತಿದ್ನಿ."

ನಾಳೆ ಬೆಳಿಗ್ಗೆ ಓಡಿರಿ. ಓಡಿ ಬಂದು, ಒಂದು ದಿನ ಆಸ್ಪತ್ರೆಗೂ ಹೋಗಿ ಬನ್ನಿರಿ.