ನಿಂತ ಪದ್ಮಿನಿ ಯಾಕೆ ಕೆಮ್ತಾಳೆ?

ನಮ್ಮ ಹಾಸನ, ಅರಕಲಗೂಡು ಕಡೆ ಇನ್ನೂ ಕೆಲವು ಹಳೇ ಮನೆಗಳಲ್ಲಿ ಕೊಟ್ಟಿಗೆ ಪಕ್ಕ ಟಾರ್ಪಾಲ್ ಹೊದ್ಕಂಡು ಒಂದು ಫಿಯೆಟ್ಟೋ ಅಂಬಾಸಿಡರ್ರೋ ನಿಂತಿರ್ತದೆ. ಮಾರೋಕೆ ಮನಸ್ಸಿಲ್ಲ, ಓಡ್ಸೋಕೆ ಜನ ಇಲ್ಲ. ಹೊಳೆನರಸೀಪುರದ ನಮ್ಮ ಮಾವನೋರ ಮನೇಲೂ ಒಬ್ಬಳು ಪದ್ಮಿನಿ ಅವಳೆ. ಈ ಮನೆಯ ಎಷ್ಟೋ ಬಾಣಂತೀರು ಮಗು ಎತ್ಕಂಡು ಆಸ್ಪತ್ರೆಯಿಂದ ಬಂದಿದ್ದು ಅದ್ರಲ್ಲೇ. 2012ರಿಂದ ನಿಂತಿತ್ತು. ಹೋದ ವರ್ಷ ಹೊಸ ಬ್ಯಾಟರಿ ಹಾಕಿ ಎಬ್ಬಿಸಿದ್ರೆ, ಎದ್ದಳು ಸರಿ, ಆದ್ರೆ ಕೆಮ್ಮು, ನಡುಕ, ಕರೀ ಹೊಗೆ. ಗಂಡಸರೆಲ್ಲ ಸೇರ್ಕಂಡು "ಎಂಜಿನ್ ಹೋಗೈತೆ, ಗುಜರಿಗೆ ಹಾಕಿ" ಅಂತ ತೀರ್ಪು ಕೊಟ್ಬುಟ್ರು.

ಮೊದ್ಲು ಇವಳ ಕುಲಗೋತ್ರ ಹೇಳ್ಬುಡ್ತೀನಿ. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ನಮ್ಮ ದೇಶದಲ್ಲಿ ಕಾರಿನ ಕಾರ್ಖಾನೆ ಆಗ್ಬೇಕು ಅಂತ ಯೋಜನೆ ಹಾಕಿದ್ರು. ವಾಲ್‌ಚಂದ್ ಹೀರಾಚಂದ್ ಅನ್ನೋ ಉದ್ಯಮಿ ಅವರ ಜೊತೆ ನಿಂತ್ರು. ಮೈಸೂರು ಸಂಸ್ಥಾನದಲ್ಲೇ ಮಾಡೋ ಆಸೆ ಇತ್ತು, ಬ್ರಿಟಿಷ್ ಸರ್ಕಾರ ಸೊಪ್ಪು ಹಾಕ್ಲಿಲ್ಲ. ಕೊನೆಗೆ 1944ರಲ್ಲಿ ಮುಂಬೈಲಿ ಪ್ರೀಮಿಯರ್ ಕಂಪನಿ ಹುಟ್ತು. ಇಟಲಿಯ ಫಿಯೆಟ್ 1100 ಕಾರನ್ನ ಇಲ್ಲೇ ಕಟ್ಟಿದ್ರು, ಅದಕ್ಕೇ ಆಮೇಲೆ ಪದ್ಮಿನಿ ಅಂತ ಹೆಸರಿಟ್ರು. 1089 ಸಿ.ಸಿ., ನಾಕು ಸಿಲಿಂಡರ್, ಒಂದು ಕಾರ್ಬುರೇಟರ್. ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ. ಬುಕ್ ಮಾಡಿ ವರ್ಷಗಟ್ಟಲೆ ಕಾಯೋ ಕಾಲ ಅದು. ಬೆಂಗಳೂರಲ್ಲಿ ಹುಟ್ಟಬೋದಾಗಿದ್ದ ಕಾರು ಮುಂಬೈಲಿ ಹುಟ್ಟಿ ನಮ್ಮ ಮನೆಗೆ ಬಂತು ನೋಡ್ರವ್ವ.

ಕಾಯಿಲೆ ಏನು ಅನ್ನೋಕೆ ಒಬ್ಬೊಬ್ರದು ಒಂದೊಂದು ಕಥೆ. ಒಬ್ರು, "ಈಗಿನ ಪೆಟ್ರೋಲಲ್ಲಿ ಸೀಸ ಇಲ್ಲ, ಹಳೇ ವಾಲ್ವ್ ತಡೆಯಲ್ಲ" ಅಂದ್ರು. ಮಾತು ಪೂರ್ತಿ ಸುಳ್ಳಲ್ಲ. ಸೀಸ ವಾಲ್ವ್ ಕೂರೋ ಜಾಗ ಸವೆಯದಂಗೆ ಕಾಯ್ತಿತ್ತು. ಮಕ್ಕಳ ಮೆದುಳಿಗೆ ಕೆಟ್ಟದ್ದು ಅಂತ ಅದನ್ನ ತೆಗೆದ್ರು, 2000ದಲ್ಲಿ ಇಡೀ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತೋಯ್ತು. ಆದ್ರೆ ನಮ್ಮ ಪದ್ಮಿನಿ ಅದಾದ್ಮೇಲೂ ಹನ್ನೆರಡು ವರ್ಷ ಚೆನ್ನಾಗೇ ಓಡವಳೆ. ವಾಲ್ವ್ ಸವೆಯೋದು ಓಡಿ ಓಡಿ, ನಿಂತು ನಿಂತು ಅಲ್ಲ.

ಇನ್ನೊಬ್ರು ಎಥನಾಲ್ ಮೇಲೆ ಹಾಕಿದ್ರು. 2023ರಿಂದ ಬಂಕುಗಳಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇರೋ ಪೆಟ್ರೋಲ್ ಬರೋಕೆ ಶುರುವಾಯ್ತು. ನಮ್ಮ ಹೊಲದ ಕಬ್ಬಿನಂಥದ್ದರಿಂದ್ಲೇ ಅದನ್ನ ತೆಗೆಯೋದು. ಅದು ನೀರು ಹೀರ್ಕಂತದೆ, ಹಳೇ ರಬ್ಬರ್ ಪೈಪನ್ನೂ ಕೆಡಿಸ್ತದೆ. ಆದ್ರೆ ಹೊಸ ಪೆಟ್ರೋಲ್ ಬಿದ್ದಿದ್ದು ಈಗ ತಾನೆ. ಅದಕ್ಕೂ ಮುಂಚಿನ ಹನ್ನೊಂದು ವರ್ಷ ಟ್ಯಾಂಕಲ್ಲಿ ಕೊಳೀತಿದ್ದಿದ್ದು ಏನು?

ಈ ಪ್ರಶ್ನೆ ಕೇಳಿದ್ದು ಚನ್ನರಾಯಪಟ್ಟಣದಿಂದ ಬಂದ ವಯಸ್ಸಾದ ಮೆಕ್ಯಾನಿಕ್. ಬಂದೋರು ಸ್ಪ್ಯಾನರ್ ಮುಟ್ಲಿಲ್ಲ, ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ್ರು. ವಾರ್ನಿಷ್ ವಾಸನೆ. ಪೆಟ್ರೋಲ್ ಬಹಳ ದಿನ ನಿಂತ್ರೆ ಹಗುರಾದ ಅಂಶ ಆರಿಹೋಗಿ, ಉಳಿದಿದ್ದು ಜೋನಿಬೆಲ್ಲದಂಗೆ ಅಂಟಾಗ್ತದೆ. ನಾವು ಸೀಮೆಎಣ್ಣೆ ಸ್ಟೌವಿಗೆ ಪಿನ್ ಹಾಕ್ತಿರ್ಲಿಲ್ವಾ? ಕಾರ್ಬುರೇಟರ್ ಜೆಟ್ ಕೂಡ ಅಂಥಾದ್ದೇ ಸಣ್ಣ ತೂತು, ಅದನ್ನ ಈ ಅಂಟು ಮುಚ್ಚತ್ತೆ.

ಅವರು ಕೆಮ್ಮಿನ ಲಕ್ಷಣ ಹೇಳಿದ್ದು ನನಗೆ ಬಹಳ ಹಿಡಿಸ್ತು. ನಿಂತಲ್ಲೇ ನಡುಗಿ, ಆಕ್ಸಿಲರೇಟರ್ ಒತ್ತಿದ್ರೆ ಸರಿಹೋದ್ರೆ, ಐಡಲ್ ಜೆಟ್ ಕಟ್ಟಿರತ್ತೆ, ಇಲ್ಲಾ ಗ್ಯಾಸ್ಕೆಟ್ ಒಣಗಿ ಗಾಳಿ ಎಳೀತಿರತ್ತೆ. ನಿಂತಲ್ಲಿ ಸರಿಯಿದ್ದು ಏರು ಹತ್ತುವಾಗ ಏದುಸಿರು ಬಿಟ್ರೆ, ಪೆಟ್ರೋಲ್ ಸಾಲ್ತಿಲ್ಲ. ಫಿಲ್ಟರ್, ಪಂಪು ನೋಡ್ಬೇಕು. ಒಂದೇ ತಾಳದಲ್ಲಿ ಒಂದು ಏಟು ತಪ್ತಿದ್ರೆ, ನಾಕ್ರಲ್ಲಿ ಒಂದು ಸಿಲಿಂಡರ್ ಮಲಗೈತೆ. ಪ್ಲಗ್ಗಿನ ವೈರ್ ಒಂದೊಂದೇ ತೆಗೆದು ನೋಡ್ತಾರೆ. ಯಾವ್ದು ತೆಗೆದ್ರೂ ಸದ್ದು ಬದಲಾಗಲ್ವೋ ಅದೇ ಮಲಗಿರೋದು. ಇದನ್ನ ನಾವು ಬರಿಗೈಲಿ ಮಾಡೋ ಹಂಗಿಲ್ಲ, ಷಾಕ್ ಹೊಡೀತದೆ. ಕರೀ ಹೊಗೆ ಬಂದ್ರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ.

ನಮ್ಮ ಪದ್ಮಿನಿಗೆ ಸಿಕ್ಕಿದ್ದು ಇಷ್ಟು: ಟ್ಯಾಂಕಲ್ಲಿ ತುಕ್ಕು, ಕಟ್ಟಿದ ಐಡಲ್ ಜೆಟ್, ಬಿರುಕುಬಿಟ್ಟ ಪೈಪು, ಕಿಲುಬು ಹಿಡಿದ ಪಾಯಿಂಟ್, ಏರ್ ಫಿಲ್ಟರಲ್ಲಿ ಇಲಿ ಗೂಡು. ಕೊಳೆತ ಪೆಟ್ರೋಲ್ ಬಸಿದು, ಪೈಪು ಬದಲಾಯ್ಸಿ, ಜೆಟ್ಟಿಗೆ ಗಾಳಿ ಊದಿ, ಪಾಯಿಂಟ್ ಉಜ್ಜಿದ್ರು. ಎಂಜಿನ್ ಬಿಚ್ಚಲೇ ಇಲ್ಲ. ಸಂಜೆಗೆ ಕೆಮ್ಮು ನಿಂತು ಮೊದಲಿನಂಗೆ ಟುಕುಟುಕು ಅಂತ ಉಸಿರಾಡೋಕೆ ಶುರು ಮಾಡಿದ್ಲು. ಗುಜರಿಯವನಿಗೆ ಫೋನ್ ಮಾಡಿ ಬರ್ಬೇಡ ಅಂದಿದ್ದಾಯ್ತು.

ನಿಮ್ಮನೇಲೂ ಇಂಥ ಕಾರಿದ್ರೆ ಸುಮ್ಕೆ ಚಾವಿ ತಿರುಗಿಸ್ಬೇಡಿ. ಮೊದ್ಲು ಹಳೇ ಪೆಟ್ರೋಲ್ ತೆಗೆಸಿ, ರಬ್ಬರ್ ಪೈಪು, ಬ್ರೇಕು ನೋಡಿಸಿ. ಆಮೇಲೆ ಪೆಟ್ರೋಲು, ಕಿಡಿ, ಗಾಳಿ, ಕಡೇಲಿ ಎಂಜಿನ್ನು, ಈ ಸಾಲಲ್ಲೇ ನೋಡಿ ಅಂತ ಹೇಳಿ. ಮತ್ತೆ ನಿಲ್ಲಿಸೋದಾದ್ರೆ ಬ್ಯಾಟರಿ ವೈರ್ ಬಿಚ್ಚಿಸಿ, ಟ್ಯಾಂಕು ಖಾಲಿ ಮಾಡಿಸಿ. ಇಲ್ಲಾಂದ್ರೆ ತಿಂಗಳಿಗೊಮ್ಮೆ ಎಂಜಿನ್ ಚೆನ್ನಾಗಿ ಬಿಸಿಯಾಗೋವರ್ಗೂ ಓಡಿಸ್ಕಂಡು ಬರೋಕೆ ಹೇಳಿ. ಹಂಗೇ ಒಂದು ಸಂತೆನೂ ಆಗ್ತದೆ.